ಪ್ರೊಸೆಸರ್ ಯಾರ ದಾರಿ ಕಾಯುತ್ತಿದೆ?

ಮನೆಗೆ ಒಂದು ಕಂಪ್ಯೂಟರ್ ಅಸೆಂಬಲ್ ಮಾಡಿಕೊಳ್ಳಬೇಕು ಅಂತ ಹೊರಟವರು ನನ್ನನ್ನು ಮೊದಲು ಕೇಳುವುದು, ‘ಎಷ್ಟು ಗಿಗಾಹರ್ಟ್ಸ್‌ನದು ತಗೊಳ್ಳಲಿ?’ ಅಂತ. ನಾನು ತಿರುಗಿಸಿ ಕೇಳುತ್ತೇನೆ: ‘ಈಗಿರುವ ಕಂಪ್ಯೂಟರ್ ನಿಮ್ಮನ್ನು ಯಾವಾಗ ಕಾಯಿಸುತ್ತೆ?’ ಆನ್ ಮಾಡಿದಾಗಲಾ, ಗೇಮ್ ಆಡುವಾಗಲಾ, ವಿಡಿಯೊ ಎಡಿಟ್ ಮುಗಿಸಿ ಎಕ್ಸ್‌ಪೋರ್ಟ್ ಕೊಟ್ಟಾಗಲಾ? ಪ್ರೊಸೆಸರ್ ತನ್ನ ಆಯುಸ್ಸಿನಲ್ಲಿ ಬಹಳ ಹೊತ್ತು ಬೇರೆಯವರ ದಾರಿ ಕಾಯುತ್ತಾ ಕೂತಿರುತ್ತದೆ. ಯಾರ ದಾರಿ ಅಂತ ಗೊತ್ತಾದರೆ ದುಡ್ಡು ಎಲ್ಲಿ ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ.

5 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 500 ಕೋಟಿ ಟಿಕ್. ಒಂದು ಟಿಕ್‌ಗೆ ಸಿಗುವುದು 0.2 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಸುಮಾರು 6 ಸೆಂಟಿಮೀಟರ್ ಮಾತ್ರ ಹೋಗುತ್ತದೆ. ಮದರ್‌ಬೋರ್ಡಿನ ತಾಮ್ರದ ಗೆರೆಗಳಲ್ಲಿ ಸಿಗ್ನಲ್ ಓಡುವುದು ಹೆಚ್ಚುಕಡಿಮೆ ಅದರ ಅರ್ಧ ವೇಗದಲ್ಲಿ. ‘ಆ ಸಂಖ್ಯೆ ಕೊಡು’ ಅಂತ ಪ್ರೊಸೆಸರ್ ಕೇಳಿದ್ದು ಚಾಲ್ತಿ ಕೆಲಸದ ಡೇಟಾ ಇರುವ ರ‍್ಯಾಮ್‌ವರೆಗೆ ತಲುಪುವಷ್ಟರಲ್ಲೇ ಒಂದೆರಡು ಟಿಕ್ ಹೋಗಿಬಿಟ್ಟಿರುತ್ತದೆ. ರ‍್ಯಾಮ್ ಹುಡುಕಿ ಉತ್ತರ ಕಳಿಸುವ ಹೊತ್ತಿಗೆ ಸುಮಾರು 80 ನ್ಯಾನೊಸೆಕೆಂಡ್, ಅಂದರೆ 400 ಟಿಕ್.

ಒಂದು ಟಿಕ್ಕನ್ನು ಒಂದು ಸೆಕೆಂಡ್ ಅಂದುಕೊಂಡು ನೋಡಿ. ಪ್ರೊಸೆಸರ್ ಒಳಗೇ ಇರುವ ಪುಟ್ಟ ಎಲ್1 ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾಗ) ನಾಲ್ಕೈದು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಅಲ್ಲೇ ಇರುವ ದೊಡ್ಡ ಎಲ್3 ಕ್ಯಾಶ್‌ಗೆ ಮುಕ್ಕಾಲು ನಿಮಿಷ, ಒಂದು ನಿಮಿಷ ಬೇಕು. ರ‍್ಯಾಮ್‌ಗೆ ಆರೇಳು ನಿಮಿಷ. ಫೈಲ್‌ಗಳನ್ನೆಲ್ಲ ಉಳಿಸಿಡುವ ಎಸ್‌ಎಸ್‌ಡಿಗೆ ಮೂರು ದಿನಕ್ಕಿಂತ ಜಾಸ್ತಿ. ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದೂವರೆ ವರ್ಷ! ಇದು ಉತ್ಪ್ರೇಕ್ಷೆ ಅನಿಸಬಹುದು. ಆದರೆ ನಿಮಿಷಕ್ಕೆ 7200 ಸುತ್ತು ಹಾಕುವ ಡಿಸ್ಕ್ ಒಂದು ಸುತ್ತು ಮುಗಿಸಲಿಕ್ಕೇ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಅದರ ಸೂಜಿಯ ಕೆಳಗೆ ಬರುವವರೆಗೆ ಯಾರೂ ಏನೂ ಮಾಡುವ ಹಾಗಿಲ್ಲ. ಹಳೆಯ ಕಂಪ್ಯೂಟರಿಗೆ ಸುಮ್ನೆ ಒಂದು ಎಸ್‌ಎಸ್‌ಡಿ ಹಾಕಿದರೆ ಅದು ಹೊಸದರ ಹಾಗೆ ಓಡುವ ಗುಟ್ಟು ಇಷ್ಟೇ.

ಗಿಗಾಹರ್ಟ್ಸ್ ನೋಡಿ ಕೊಳ್ಳುವ ಅಭ್ಯಾಸ ಎಲ್ಲಿಂದ ಬಂತು ಅಂದರೆ, ಒಂದು ಕಾಲದಲ್ಲಿ ಅದು ಸರಿಯಾಗಿಯೇ ಇತ್ತು. 2004ರಲ್ಲಿ ಇಂಟೆಲ್‌ನ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತು. ಮುಂದಿನದು 4 ಅಂತ ಎಲ್ಲರೂ ಕಾದಿದ್ದರು, ಕಂಪನಿ ಅದೇ ವರ್ಷ ಅದನ್ನು ಕೈಬಿಟ್ಟಿತು. ಬಿಸಿ ತಡೆಯಲಾಗಲಿಲ್ಲ. ಚಿಪ್ ಉಣ್ಣುವ ವಿದ್ಯುತ್ತು ಟಿಕ್ಕಿನ ವೇಗದ ಜೊತೆಗೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ವೇಗ ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಹಾಗಾಗಿ ಎರಡು ಕಡೆಯಿಂದಲೂ ಹೊಡೆತ. ಮನೆಬಳಕೆಯ ಪ್ರೊಸೆಸರ್ 6 ಗಿಗಾಹರ್ಟ್ಸ್ ಮುಟ್ಟುವಾಗ 2023 ಬಂದಿತ್ತು. ಇಪ್ಪತ್ತು ವರ್ಷದಲ್ಲಿ ಎರಡು ಪಟ್ಟು ಕೂಡ ಆಗಲಿಲ್ಲ ಅಲ್ವಾ?

ಅದಕ್ಕೆ ಬದಲಾಗಿ ಕೋರ್‌ಗಳು, ಅಂದರೆ ಒಂದೇ ಪ್ರೊಸೆಸರಿನೊಳಗೆ ಕೆಲಸ ಹಂಚಿಕೊಳ್ಳುವ ಘಟಕಗಳು, ಹೆಚ್ಚಾದವು. ಇಲ್ಲೂ ಒಂದು ಲೆಕ್ಕ ಇದೆ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದು. ಒಂದು ಕೆಲಸದ ಹತ್ತರಲ್ಲಿ ಒಂದು ಪಾಲು ಹಂಚಲಾಗದ್ದು ಅಂದುಕೊಳ್ಳಿ. ಆಗ 8 ಕೋರ್ ಹಾಕಿದರೆ ಕೆಲಸ 4.7 ಪಟ್ಟು ಬೇಗ ಆಗುತ್ತದೆ, 16 ಹಾಕಿದರೆ 6.4 ಪಟ್ಟು. ಸಾವಿರ ಹಾಕಿದರೂ 10 ಪಟ್ಟು ದಾಟುವುದಿಲ್ಲ. ಆ ಒಂದು ಪಾಲು ಮುಗಿಯಲಿ ಅಂತ ಉಳಿದವರೆಲ್ಲ ನಿಂತಿರುತ್ತಾರೆ. ವಿಡಿಯೊ ಎಕ್ಸ್‌ಪೋರ್ಟ್, 3ಡಿ ಚಿತ್ರ ಬಿಡಿಸುವುದು ಇಂಥವು ಚೆನ್ನಾಗಿ ಹಂಚಿಹೋಗುವ ಕೆಲಸಗಳು. ಬ್ರೌಸರ್, ಬರವಣಿಗೆ, ಲೆಕ್ಕದ ಹಾಳೆ ಅಷ್ಟಾಗಿ ಹಂಚಿಹೋಗುವುದಿಲ್ಲ. ಇವಕ್ಕೆ 16 ಕೋರ್ ಕೊಳ್ಳುವುದು ನನ್ನ ಮಟ್ಟಿಗೆ ದಂಡ.

ಇನ್ನು ಗೇಮ್. 2022ರ ಏಪ್ರಿಲ್‌ನಲ್ಲಿ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ರೈಜನ್ 7 5800ಎಕ್ಸ್3ಡಿ ಪ್ರೊಸೆಸರ್ ಬಂತು. ಅದರ ಅಣ್ಣ 5800ಎಕ್ಸ್‌ಗೂ ಇದಕ್ಕೂ ಕೋರ್ ಎಂಟೆಂಟೇ. ಅಣ್ಣನ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ಇದರದು 4.5. ಕಾಗದದ ಮೇಲೆ ತಮ್ಮನೇ ನಿಧಾನ. ಆದರೆ ಎಂಜಿನಿಯರ್‌ಗಳು ಚಿಪ್ಪಿನ ನೆತ್ತಿಯ ಮೇಲೆ ಇನ್ನೊಂದು ತೆಳ್ಳನೆಯ ಚಿಪ್ ಕೂರಿಸಿ ಎಲ್3 ಕ್ಯಾಶನ್ನು 32ರಿಂದ 96 ಮೆಗಾಬೈಟ್‌ಗೆ ಏರಿಸಿದ್ದರು. ಎಷ್ಟೋ ಗೇಮ್‌ಗಳಲ್ಲಿ ತಮ್ಮ ಅಣ್ಣನನ್ನು ಸಲೀಸಾಗಿ ಹಿಂದೆ ಹಾಕಿದ. ಆರೇಳು ನಿಮಿಷದ ಪ್ರಯಾಣಗಳು ಒಂದು ನಿಮಿಷದಲ್ಲಿ ಮುಗಿಯತೊಡಗಿದ್ದವು, ಅಷ್ಟೇ. ವಿಡಿಯೊ ಎಕ್ಸ್‌ಪೋರ್ಟ್‌ನಂಥ ಕೆಲಸದಲ್ಲಿ ಮಾತ್ರ ಅಣ್ಣನೇ ಮುಂದೆ.

ಹಾಗಂತ ಗೇಮ್ ಆಡುವವರೆಲ್ಲ ದೊಡ್ಡ ಕ್ಯಾಶ್ ಹುಡುಕಿಕೊಂಡು ಹೋಗಬೇಕಿಲ್ಲ. ಮೊದಲು ಈಗಿರುವ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ ಮಾಡಿ. ಗೇಮಿನ ರೆಸಲ್ಯೂಶನ್ ತುಂಬಾ ಕೆಳಗಿಳಿಸಿ ನೋಡಿ. ಫ್ರೇಮ್‌ಗಳು ಸರ್ರನೆ ಏರಿದರೆ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತಿತ್ತು, ಪ್ರೊಸೆಸರ್ ಅದರ ದಾರಿ ಕಾಯುತ್ತಿತ್ತು. ಏರದೆ ಅಲ್ಲೇ ನಿಂತರೆ ತಡ ಮಾಡುತ್ತಿರುವುದು ಪ್ರೊಸೆಸರ್ ಕಡೆಯವರು.

ರ‍್ಯಾಮ್ ವಿಷಯದಲ್ಲಿ ನಾನೇ ಒಮ್ಮೆ ಮಂಗ ಆಗಿದ್ದೇನೆ. ನಾಲ್ಕು ಸ್ಲಾಟ್ ಇದ್ದ ಬೋರ್ಡಿನಲ್ಲಿ ಎರಡು ಸ್ಟಿಕ್‌ಗಳನ್ನು ಅಂದವಾಗಿ ಅಕ್ಕಪಕ್ಕ ಚುಚ್ಚಿದ್ದೆ. ಕಂಪ್ಯೂಟರ್ ಆನ್ ಆಯಿತು, ನಡೆಯಿತು. ಆರು ತಿಂಗಳ ಮೇಲೆ ಏನೋ ಹುಡುಕುವಾಗ ಕಣ್ಣಿಗೆ ಬಿತ್ತು, ‘ಸಿಂಗಲ್ ಚಾನೆಲ್’. ಎರಡೂ ಒಂದೇ ಚಾನೆಲ್‌ಗೆ ಸೇರಿದ ಸ್ಲಾಟ್‌ಗಳು. ಇರುವ ಎರಡು ದಾರಿಯಲ್ಲಿ ಒಂದನ್ನು ಖಾಲಿ ಬಿಟ್ಟು ಅರ್ಧ ವರ್ಷ ಓಡಿಸಿದ್ದೆ. ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಮ್ಯಾನ್ಯುಯಲ್‌ನಲ್ಲಿ ಚಿತ್ರ ಸಮೇತ ಇರುತ್ತದೆ, ಓದಿದರೆ.

ರ‍್ಯಾಮ್ ಡಬ್ಬಿಯ ಮೇಲಿನ ಸಂಖ್ಯೆಯೂ ಯಾಮಾರಿಸುತ್ತದೆ. ಡಿಡಿಆರ್4 3200 ಸಿಎಲ್16, ಡಿಡಿಆರ್5 6000 ಸಿಎಲ್30. ಎರಡನೆಯದು ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಉತ್ತರ ಕೊಡಬೇಕು ಅನಿಸುತ್ತದೆ. ಸಿಎಲ್ ಅಂದರೆ ಡೇಟಾದ ಮೊದಲ ತುಣುಕು ಹೊರಡಲು ರ‍್ಯಾಮ್‌ನದೇ ಎಷ್ಟು ಟಿಕ್ ಬೇಕು ಅನ್ನುವ ಲೆಕ್ಕ. ಒಂದು ಟಿಕ್‌ಗೆ ಎರಡು ಸಲ ಡೇಟಾ ಸಾಗುವುದರಿಂದ ನಿಜವಾದ ಟಿಕ್ ಒಂದರಲ್ಲಿ 1600 ಮೆಗಾಹರ್ಟ್ಸ್, ಇನ್ನೊಂದರಲ್ಲಿ 3000. ಭಾಗಿಸಿ ನೋಡಿ, ಎರಡಕ್ಕೂ ಬರುವುದು ಸರಿಯಾಗಿ 10 ನ್ಯಾನೊಸೆಕೆಂಡ್! ಹೊಸದು ಸೆಕೆಂಡಿಗೆ ಜಾಸ್ತಿ ಸರಕು ಸಾಗಿಸುತ್ತದೆ ನಿಜ, ಮೊದಲ ಮೂಟೆ ಹೊರಡುವುದು ಮಾತ್ರ ಹಳೆಯ ಹೊತ್ತಿಗೇ. ಜೊತೆಗೆ, ಬಯಾಸ್‌ಗೆ (ಬೋರ್ಡಿನದೇ ಸೆಟ್ಟಿಂಗ್ಸ್ ಪರದೆ) ಹೋಗಿ ರ‍್ಯಾಮನ್ನು ಡಬ್ಬಿಯ ಮೇಲಿನ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಮಾಡದಿದ್ದರೆ 6000ದ ಸ್ಟಿಕ್ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸಾಕೆಟ್ ಹೊಂದದಿದ್ದರೆ ಪ್ರೊಸೆಸರ್ ಕೂರುವುದೇ ಇಲ್ಲ, ಬೋರ್ಡ್ ಕೊಳ್ಳುವ ಮುಂಚೆ ಅದನ್ನು ನೋಡಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೆ ಬೋರ್ಡಿನ ಎಚ್‌ಡಿಎಂಐಗೆ ವೈರ್ ಸಿಕ್ಕಿಸಿದರೆ ಏನೂ ಕಾಣಿಸುವುದಿಲ್ಲ. ಎಲ್ಲಕ್ಕೂ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಮೇಲೆ 650 ವ್ಯಾಟ್ ಅಂತ ಇದ್ದರೆ ಅದು ಕೊಡಬಲ್ಲ ಮಿತಿ, ಸದಾ ಅಷ್ಟು ಕರೆಂಟ್ ತಿನ್ನುತ್ತದೆ ಅಂತ ಅರ್ಥ ಇಲ್ಲ. ಅದರಲ್ಲಿ ಮಾತ್ರ ಜಿಪುಣತನ ಬೇಡ, ಅದು ಕೆಟ್ಟರೆ ಪಕ್ಕದವರನ್ನೂ ಕರೆದುಕೊಂಡು ಹೋಗಬಹುದು. ಥರ್ಮಲ್ ಪೇಸ್ಟ್ ಇರುವುದು ಪ್ರೊಸೆಸರ್ ಮತ್ತು ಅದನ್ನು ತಂಪಾಗಿಸುವ ಕೂಲರ್, ಈ ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಗಾಳಿಯ ಗುಳಿಗಳನ್ನು ತುಂಬಲಿಕ್ಕೆ. ತಾಮ್ರಕ್ಕೆ ಹೋಲಿಸಿದರೆ ಪೇಸ್ಟ್ ಬಿಸಿ ಸಾಗಿಸುವುದರಲ್ಲಿ ತುಂಬಾ ಹಿಂದೆ, ಗಾಳಿಗಿಂತ ತುಂಬಾ ಮುಂದೆ. ದಪ್ಪಗೆ ಮೆತ್ತಬೇಡಿ.

ಎಲ್ಲ ಜೋಡಿಸಿ ಮೊದಲ ಸಲ ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಒಂದು ನಿಮಿಷ, ಎರಡು ನಿಮಿಷ, ಡಿಡಿಆರ್5 ಬೋರ್ಡಾದರೆ ಕೆಲವು ಸಲ ಇನ್ನೂ ಜಾಸ್ತಿ. ಎದೆ ಡವಡವ ಅನ್ನುತ್ತದೆ, ಕೈ ತಾನಾಗಿ ಪವರ್ ಬಟನ್ ಕಡೆ ಹೋಗುತ್ತದೆ. ಒಳಗೆ ಬೋರ್ಡ್ ರ‍್ಯಾಮ್‌ನ ಒಂದೊಂದು ಗೆರೆಯಲ್ಲೂ ಸಿಗ್ನಲ್ ಎಷ್ಟು ತಡವಾಗಿ ಬರುತ್ತಿದೆ ಅಂತ ಅಳೆಯುತ್ತಿರುತ್ತದೆ. ಅದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಬಟನ್ ಮುಟ್ಟಬೇಡಿ, ಸುಮ್ನೆ ಕೈಕಟ್ಟಿ ಕೂತಿರಿ.