ಪೋಸ್ಟರಿನಲ್ಲಿ ಯುಎ 13+ ಅಂತಿದೆ, ಒಂಬತ್ತರ ಮಗಳನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಹಾಸನದ ಥಿಯೇಟರಿಗೆ ರಾಜರ ಕಾಲದ ಸಿನಿಮಾ ಬಂದಿದೆ. ಪೋಸ್ಟರಿನ ಮೂಲೆಯಲ್ಲಿ ‘ಯುಎ 13+’ ಅಂತ ಬರೆದಿದ್ದಾರೆ. ಮಗಳಿಗೆ ಈಗ ಒಂಬತ್ತು. ಅಷ್ಟು ದೂರ ಹೋದ ಮೇಲೆ ಗೇಟಿನಲ್ಲಿ ವಾಪಸ್ ಕಳಿಸಿದರೆ? ಒಳಗೆ ಬಿಟ್ಟರೂ ಅದು ಅವಳು ನೋಡುವಂಥ ಸಿನಿಮಾನಾ? ಶಾಲೆಯ ಇತಿಹಾಸದ ಪಾಠಕ್ಕೂ ಅನುಕೂಲ ಆಗಲಿ ಅಂತ ನನ್ನಾಸೆ.
– ಅರಸೀಕೆರೆಯ ಓದುಗರೊಬ್ಬರು

ಮೊದಲು ಗೇಟಿನ ವಿಷಯ ಮುಗಿಸೋಣ. ನೀವು ಜೊತೆಗಿದ್ದರೆ ವಾಪಸ್ ಕಳಿಸುವುದಿಲ್ಲ. ‘ಯುಎ’ ಪಕ್ಕದ ಅಂಕಿ ಅಪ್ಪ ಅಮ್ಮನಿಗೆ ಬರೆದ ಚೀಟಿ ಇದ್ದ ಹಾಗೆ. ಅದನ್ನು ಪಾಲಿಸುವುದು ಬಿಡುವುದು ಮನೆಯವರ ಕೈಯಲ್ಲಿದೆ, ಟಿಕೆಟ್ ಹರಿಯುವವರ ಕೈಯಲ್ಲಿಲ್ಲ. ‘ಎ’ ಮಾತ್ರ ಹಾಗಲ್ಲ. ಅಲ್ಲಿ 18 ತುಂಬದವರಿಗೆ ಪ್ರವೇಶವೇ ಇಲ್ಲ, ಅಪ್ಪನ ಕೈ ಹಿಡಿದು ಬಂದರೂ ಇಲ್ಲ. ‘ಎಸ್’ ಅನ್ನುವುದೊಂದಿದೆ, ಡಾಕ್ಟರುಗಳಂಥ ನಿರ್ದಿಷ್ಟ ವರ್ಗದವರಿಗೆ. ಅಂಥ ಪೋಸ್ಟರನ್ನು ನಾನಂತೂ ನಮ್ಮ ಕಡೆ ನೋಡಿಲ್ಲ.

ಈ 13+ ಬಂದು ಜಾಸ್ತಿ ದಿನ ಆಗಿಲ್ಲ. ಮೊದಲು ‘ಯು/ಎ’ ಅಂತ ಒಂದೇ ಮುದ್ರೆ ಇತ್ತು. 12 ವರ್ಷದೊಳಗಿನ ಮಕ್ಕಳಾದರೆ ದೊಡ್ಡವರು ಯೋಚಿಸಿ ತೋರಿಸಿ ಅಂತ ಅದರ ಅರ್ಥ. ಒಂದೆರಡು ಹೊಡೆತ ಇರುವ ತಮಾಷೆ ಸಿನಿಮಾಕ್ಕೂ ಅದೇ, ರಕ್ತ ಚಿಮ್ಮುವ ಯುದ್ಧಕ್ಕೂ ಅದೇ. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು ಅದನ್ನು 7+, 13+, 16+ ಅಂತ ಮೂರು ಮಾಡಿದರು. 2024ರ ಮಾರ್ಚ್‌ನಲ್ಲಿ ಹೊಸ ನಿಯಮಗಳೂ ಬಂದವು. ಇದು ಒಳ್ಳೆಯ ಕೆಲಸ. ಆದರೆ ಅಂಕಿ ವಯಸ್ಸನ್ನು ಹೇಳುತ್ತದೆಯೇ ಹೊರತು, ಒಳಗೆ ಏನಿದೆ ಅನ್ನುವುದನ್ನು ಹೇಳುವುದಿಲ್ಲ. ಯುದ್ಧಕ್ಕಾಗಿ ಕೊಟ್ಟ 13+ ಬೇರೆ, ಬೈಗುಳಕ್ಕಾಗಿ ಕೊಟ್ಟ 13+ ಬೇರೆ, ಅಲ್ವಾ?

ಹಳೆಯ ಕಾಲದ ಕಥೆಗಳಲ್ಲಿ ಇದು ಇನ್ನಷ್ಟು ಮುಖ್ಯ. ಸೆನ್ಸಾರ್ ಮಂಡಳಿಗೆ (1983ರಲ್ಲೇ ಹೆಸರು ‘ಪ್ರಮಾಣೀಕರಣ ಮಂಡಳಿ’ ಆಯಿತು, ನಾವ್ಯಾರೂ ಹಾಗೆ ಕರೆಯುವುದಿಲ್ಲ ಬಿಡಿ) 1991ರ ಒಂದು ಮಾರ್ಗಸೂಚಿ ಇದೆ. ಸಿನಿಮಾವನ್ನು ಇಡಿಯಾಗಿ ನೋಡಿ ತೂಗಬೇಕು, ಕಥೆ ನಡೆಯುವ ಕಾಲವನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತ ಅದರಲ್ಲಿದೆ. ಇದು ಸರಿಯಾದ ಮಾತೇ. ಬಾಲ್ಯವಿವಾಹ, ಜಾತಿಯ ದರ್ಪ, ಕತ್ತಿಯ ನ್ಯಾಯ, ಇವನ್ನೆಲ್ಲ ಬಿಟ್ಟು ಆ ಕಾಲದ ಕಥೆ ಹೇಳುವುದು ಹೇಗೆ? ಆದರೆ ಒಂಬತ್ತು ವರ್ಷದ ಹುಡುಗಿ ಕಾಲವನ್ನು ನೋಡುವುದಿಲ್ಲ. ರಾಣಿ ಚಿತೆಗೆ ನಡೆದಳು ಅಂತ ನಾವು ಓದಿಕೊಳ್ಳುವ ಕಡೆ ಅವಳಿಗೆ ಕಾಣುವುದು ಬೆಂಕಿಗೆ ಇಳಿಯುತ್ತಿರುವ ಒಬ್ಬ ಅಮ್ಮ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇದೆಲ್ಲ ಹೊಸದಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಳೇಬೀಡಿಗೆ ಶಾಲೆಯಿಂದ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಉಗ್ರನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುತ್ತಿದ್ದಾನೆ. ಹೊಯ್ಸಳೇಶ್ವರ ಗುಡಿಯ ಹತ್ತಿರದ ಗರುಡ ಕಂಬದಲ್ಲಿ ವೀರರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ಪ್ರಾಣ ಕೊಟ್ಟ ನೆನಪಿನ ಕಂಬ ಅದು. ಎಷ್ಟೋ ಊರುಗಳ ಬಾಗಿಲಲ್ಲಿ ಮಾಸ್ತಿಗಲ್ಲು, ವೀರಗಲ್ಲು ನಿಂತಿವೆ. ಯಾವುದಕ್ಕೂ 13+ ಬರೆದಿಲ್ಲ. ಆದರೆ ಕಲ್ಲು ಸದ್ದು ಮಾಡುವುದಿಲ್ಲ. ಅರ್ಧ ನಿಮಿಷ ನೋಡಿ ಮಗು ಚಿತ್ರಾನ್ನದ ಡಬ್ಬಿ ಕಡೆ ಓಡುತ್ತದೆ. ಥಿಯೇಟರಿನಲ್ಲಿ ಕತ್ತಲು, ನಾಲ್ಕೂ ಕಡೆ ಸ್ಪೀಕರ್, ಎದ್ದು ಓಡುವ ಹಾಗಿಲ್ಲ.

ಇದನ್ನು ನಾನು ಕಲಿತದ್ದು ಅಕ್ಕನ ಮಗನಿಂದ. ಎಂಟು ವರ್ಷದವನನ್ನು ಒಂದು ಯುದ್ಧದ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ಬಾಣಗಳ ಮಳೆಗೆ ಅವನು ಚಪ್ಪಾಳೆ ಹೊಡೆದ. ತಲೆ ಉರುಳಿದಾಗಲೂ ಪಾಪ್‌ಕಾರ್ನ್ ಬಿಡಲಿಲ್ಲ. ಒಂದು ಕುದುರೆ ಮುಗ್ಗರಿಸಿ ಬಿತ್ತು ನೋಡಿ, ಅಲ್ಲಿಗೆ ಮುಗಿಯಿತು. ಇಂಟರ್ವೆಲ್‌ವರೆಗೂ ನನ್ನ ತೋಳು ಬಿಡಲಿಲ್ಲ. ಸಿನಿಮಾದಲ್ಲಿ ಪ್ರಾಣಿಗಳನ್ನು ಬಳಸಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು, ಎಷ್ಟೋ ಸಲ ಕುದುರೆಯೇ ಇರುವುದಿಲ್ಲ, ಎಲ್ಲ ಗ್ರಾಫಿಕ್ಸ್. ಯಾವ ಪ್ರಾಣಿಗೂ ನೋವು ಮಾಡಿಲ್ಲ ಅಂತ ಶುರುವಿನಲ್ಲಿ ಬರುವ ಆ ಸಣ್ಣಕ್ಷರದ ಸೂಚನೆಯನ್ನು ಅವನಿಗೆ ಓದಿ ಹೇಳಿದ್ದರೆ ಸಾಕಿತ್ತು. ನಾನು ಮೊಬೈಲ್ ನೋಡುತ್ತಾ ಕೂತಿದ್ದೆ.

ಹಾಗಾಗಿ ನಿಮ್ಮ ಮಗಳು ಯಾವುದಕ್ಕೆ ಹೆದರುತ್ತಾಳೆ ಅನ್ನುವುದನ್ನು ಮೊದಲು ಯೋಚಿಸಿ. ಕತ್ತಲಿಗಾ, ರಕ್ತಕ್ಕಾ, ಜೋರು ಸದ್ದಿಗಾ, ಯಾರಾದರೂ ಅಳುವುದಕ್ಕಾ? ಆಮೇಲೆ ಈಗಾಗಲೇ ನೋಡಿದವರನ್ನು ಅದನ್ನೇ ಕೇಳಿ. ‘ಸಿನಿಮಾ ಹೆಂಗಿದೆ?’ ಅಂದರೆ ‘ಸೂಪರ್’ ಅಂತಾರೆ, ಉಪಯೋಗವಿಲ್ಲ. ‘ಮಕ್ಕಳು ಸಾಯುವುದನ್ನು ತೋರಿಸುತ್ತಾರಾ?’ ಅಂತ ಕೇಳಿದರೆ ನಿಜ ಹೊರಗೆ ಬರುತ್ತದೆ. ಯೂಟ್ಯೂಬಿನ ಟ್ರೇಲರ್ ನಂಬಬೇಡಿ. ಅದರಲ್ಲಿ ಆನೆ, ಅರಮನೆ, ಹಾಡು ಇರುತ್ತವೆ. ನಿಮಗೆ ಬೇಕಾದ ಮಾಹಿತಿ ಇರುವುದಿಲ್ಲ.

ನನ್ನನ್ನು ಕೇಳಿದರೆ, 13+ ಯುದ್ಧದ ಕಥೆಗೆ ಒಂಬತ್ತರ ಮಗುವನ್ನು ಮೊದಲ ವಾರವೇ ಕರೆದೊಯ್ಯುವ ಅವಸರ ಬೇಡ. ನೀವೊಬ್ಬರೇ ಹೋಗಿ ನೋಡಿ ಬರಬಹುದು. ಇಲ್ಲವೇ ಓಟಿಟಿಗೆ ಬರುವವರೆಗೆ ಕಾಯಬಹುದು. 2021ರ ಐಟಿ ನಿಯಮಗಳ ಪ್ರಕಾರ ಅಲ್ಲಿ ವಯಸ್ಸಿನ ಜೊತೆಗೆ ಹಿಂಸೆಯೋ, ಭಾಷೆಯೋ ಅನ್ನುವ ಕಾರಣವನ್ನೂ ತೋರಿಸಬೇಕು. 13+ ಮತ್ತು ಅದಕ್ಕೆ ಮೇಲಿನದಕ್ಕೆ ಲಾಕ್ ಹಾಕುವ ಸೌಲಭ್ಯವನ್ನೂ ಕೊಡಬೇಕು. ರಿಮೋಟ್ ನಿಮ್ಮ ಕೈಯಲ್ಲಿರುತ್ತದೆ, ದೀಪ ಹತ್ತಿರುತ್ತದೆ. ಇದೇ ಅಂಕಿ 7+ ಆಗಿದ್ದರೆ ನಾನು ಇಷ್ಟೆಲ್ಲ ಹೇಳುತ್ತಿರಲಿಲ್ಲ. ಥಿಯೇಟರಿಗೇ ಹೋಗುವುದಾದರೆ ಬೆಳಗಿನ ಆಟ ಹಿಡಿಯಿರಿ, ಸಾಲಿನ ತುದಿಯ ಸೀಟು ತಗೊಳ್ಳಿ. ಸಾಕು ಅಂದ ಕೂಡಲೇ ಎದ್ದು ಬರಬಹುದು.

ಇನ್ನು ಪಾಠದ ವಿಷಯ. ಸೆನ್ಸಾರ್ ಸರ್ಟಿಫಿಕೇಟ್ ಅಂದರೆ ಇತಿಹಾಸದ ಮೇಷ್ಟ್ರು ಹಾಕಿದ ಮಾರ್ಕ್ಸ್ ಅಲ್ಲ. ಹೊಯ್ಸಳ ರಾಜ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಗುಡಿ 1117ರದು. ಮೆಣಸಿನಕಾಯಿ ಪೋರ್ಚುಗೀಸರ ಜೊತೆ ನಮ್ಮ ದೇಶಕ್ಕೆ ಬಂದದ್ದು 16ನೇ ಶತಮಾನದಲ್ಲಿ. ಬಾಬಾ ಬುಡನ್ ಚಿಕ್ಕಮಗಳೂರಿನ ಗಿರಿಗೆ ಕಾಫಿ ತಂದರು ಅನ್ನುವುದು ಅದಕ್ಕೂ ಈಚಿನ ಕಥೆ. ಪಾಠಕ್ಕೆ ಅನುಕೂಲ ಆಗಬೇಕಾದರೆ ಹೋಗುವ ಮೊದಲು ಇಷ್ಟನ್ನು ಮಗಳಿಗೆ ಹೇಳಿಡಿ. ವಿಷ್ಣುವರ್ಧನನ ಅಡುಗೆಮನೆಯಲ್ಲಿ ಕೆಂಪು ಮೆಣಸಿನಕಾಯಿ ಕಂಡರೆ ಅವಳೇ ನಿಮ್ಮ ಕಿವಿಯಲ್ಲಿ ಹೇಳಲಿ.