ಇಡಿಗಂಟು ಬಂತು, ಈಗ ಏನು ಮಾಡಲಿ?

ಪ್ರಶ್ನೆ: ನನಗೆ 60 ತುಂಬಿ ಕೆಲಸ ಮುಗಿಯಿತು. ಕೈಗೆ 28 ಲಕ್ಷ ಬಂದಿದೆ. ಪಿಎಫ್ ಪಿಂಚಣಿ ಬಹಳ ಕಡಿಮೆ. ಮಗ ಊರ ಹೊರಗೆ ಸೈಟು ಹಿಡಿಯೋಣ ಅಂತಾನೆ. ಹೆಂಡತಿಗೆ ಕಾಶಿ ನೋಡೋ ಆಸೆ. ಏನು ಮಾಡಲಿ? (ರಾಯಚೂರಿನ ಓದುಗರು)

ಉತ್ತರ: ಸೈಟು ಬೇಡ್ರಿ. ಮಗನಿಗೆ ಬೇಜಾರಾದರೂ ಸರಿ.

ನಮ್ಮ ತಂದೆ ಇದೇ ಕೆಲಸ ಮಾಡಿದ್ದರು. ಬಂದ ದುಡ್ಡನ್ನೆಲ್ಲ ಕೊಪ್ಪಳದ ಹೊರಗೆ ಒಂದು ಸೈಟಿಗೆ ಹಾಕಿದರು. ಅಲ್ಲಿ ಜಾಲಿ ಬೆಳೆಯಿತು. ಕಣ್ಣಿನ ಆಪರೇಷನ್‌ಗೆ ದುಡ್ಡು ಬೇಕಾದಾಗ ಕೊಳ್ಳುವವರು ಬಂದರು, ನೋಡಿದರು, "ಮುಂದಿನ ತಿಂಗಳು ಹೇಳ್ತೀವ್ರಿ" ಅಂದು ಹೋದರು. ಕೊನೆಗೆ ಅವ್ವನ ಬಳೆ ಅಡವಿಟ್ಟೆವು.

ಮೊದಲು ತಿಂಗಳ ಖರ್ಚಿಗೆ ದಾರಿ ಮಾಡಿಕೊಳ್ಳಿ. ಪೋಸ್ಟ್ ಆಫೀಸಿನಲ್ಲಿ, ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 60 ದಾಟಿದವರು 30 ಲಕ್ಷದವರೆಗೆ ಇಡಬಹುದು. ಅವಧಿ 5 ವರ್ಷ. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2 ಆಯಿತು. ನೀವು ಇಡುವ ದಿನ ಎಷ್ಟಿದೆ ಅಂತ ಕೌಂಟರಿನಲ್ಲಿ ಕೇಳಿ. ಆ ದಿನದ ದರವೇ 5 ವರ್ಷ ನಡೆಯುತ್ತದೆ. ಶೇ 8.2ರ ಲೆಕ್ಕದಲ್ಲಿ 20 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 41,000 ಬರುತ್ತದೆ, ಅಂದರೆ ತಿಂಗಳಿಗೆ ಹದಿಮೂರೂವರೆ ಸಾವಿರಕ್ಕೂ ಸ್ವಲ್ಪ ಜಾಸ್ತಿ.

ಬಹಳ ಜನ ಎಡವೋದು ಇಲ್ಲೇ. ಬಡ್ಡಿ ತೆಗೆಯದೆ ಬಿಟ್ಟರೆ ಬೆಳೆಯುತ್ತದೆ ಅಂದುಕೊಳ್ಳುತ್ತಾರೆ. ಬೆಳೆಯಲ್ಲ. ತೆಗೆಯದ ಬಡ್ಡಿಗೆ ಮತ್ತೆ ಬಡ್ಡಿ ಇಲ್ಲ, ಸುಮ್ನೆ ಬಿದ್ದಿರುತ್ತದೆ. ಅದಕ್ಕೆ ಉಳಿತಾಯ ಖಾತೆಗೆ ತಾನೇ ಬಂದು ಬೀಳುವಂತೆ ಬರೆದುಕೊಡಿ. ನಡುವೆ ಖಾತೆ ಮುರಿಯಬಹುದು, ಆದರೆ ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, ಕೊಟ್ಟದ್ದನ್ನೂ ಹಿಡಿದುಕೊಳ್ಳುತ್ತಾರೆ.

ಉಳಿದ 8 ಲಕ್ಷದಲ್ಲಿ 6 ಲಕ್ಷ ಆಸ್ಪತ್ರೆ ಖರ್ಚಿಗಂತ ಎಫ್‌ಡಿ ಮಾಡಿ, ಎರಡು ಬ್ಯಾಂಕುಗಳಲ್ಲಿ ಹಂಚಿ. ಬ್ಯಾಂಕು ಮುಳುಗಿದರೆ ವಿಮೆ ಸಿಗೋದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಈ ಎಫ್‌ಡಿಯ ಬಡ್ಡಿ ಮುಟ್ಟಬೇಡಿ. ಅಕ್ಕಿ ರೇಟು 5 ವರ್ಷ ನಿಂತಲ್ಲೇ ನಿಲ್ಲಲ್ಲ ಅಲ್ವಾ? ಯಾರಾದರೂ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೊಡ್ತೀನಿ ಅಂತ ಮನೆಗೆ ಬಂದರೆ ಚಹಾ ಕೊಟ್ಟು ಕಳಿಸಿ.

ಇನ್ನು ಕೊನೆಯ 2 ಲಕ್ಷ. ಅದನ್ನು ಖರ್ಚು ಮಾಡಲಿಕ್ಕೇ ಇಡಿ. ಜೀವನವಿಡೀ ಕೂಡಿಟ್ಟ ಕೈ, ಬಿಚ್ಚಲಿಕ್ಕೆ ಬರಲ್ಲ. ನಮ್ಮ ತಂದೆ ಕೊನೆಕೊನೆಗೆ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ಹೇಳಿ, ಮಿರ್ಚಿ ಬಜ್ಜಿಗೆ ದುಡ್ಡು ಹೆಚ್ಚಾಗುತ್ತದೆ ಅಂತ ಬೇಡ ಅನ್ನುತ್ತಿದ್ದರು. ಪಕ್ಕದ ಟೇಬಲಿಗೆ ಬಂದ ಬಿಸಿ ಮಿರ್ಚಿಯ ಕಡೆ ಮಾತ್ರ ಕಣ್ಣು ಹೋಗುತ್ತಿತ್ತು. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ 60 ದಾಟಿದವರಿಗೆ ಟಿಕೆಟಿನಲ್ಲಿ ಶೇ 25 ಕಡಿಮೆ, ನಿಮ್ಮ ಹೆಂಡತಿಗಂತೂ ಶಕ್ತಿ ಯೋಜನೆಯಲ್ಲಿ ಉಚಿತ. ಆನೆಗೊಂದಿ, ಹಂಪಿ ಅಂತ ಸಣ್ಣ ತಿರುಗಾಟಕ್ಕೆ ಇಷ್ಟು ಸಾಕು.

ಕಾಶಿಗೆ ದೀಪಾವಳಿ ಮುಗಿದ ಮೇಲೆ ಹೊರಡಿ, ಮೊಣಕಾಲು ಮಾತು ಕೇಳುವಾಗಲೇ. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ, ಪೂರ್ತಿ ದುಡ್ಡು ಕೊಡಬೇಕು. ಆದರೆ ಕೆಳಗಿನ ಬರ್ತಿನ ಕೋಟಾ ಇನ್ನೂ ಇದೆ. ಟಿಕೆಟ್ ಮಾಡಿಸುವಾಗ ಇಬ್ಬರ ವಯಸ್ಸೂ ಸರಿಯಾಗಿ ಬರೆಸಿ.