ಭೇದಿ ಶುರುವಾದರೆ ಕೊರೊನಾ ಎನ್ನಬೇಕೇ?

ಬರೀ ಭೇದಿ ನೋಡಿ ಇದು ಕೊರೊನಾ, ಇದು ಮಾಮೂಲಿ ಎಂದು ಹೇಳಲು ಯಾವ ವೈದ್ಯರಿಗೂ ಆಗದು. ಎರಡರಲ್ಲೂ ನೀರಾಗಿಯೇ ಹೋಗುತ್ತದೆ. ಹಾಗಾಗಿ ಬಣ್ಣ, ವಾಸನೆಗಿಂತ ಮೊದಲು ನಾನು ಕೇಳುವುದು ಇಷ್ಟು: ಯಾವಾಗ ಶುರುವಾಯಿತು? ಜೊತೆಗೆ ಉಂಡವರು ಹೇಗಿದ್ದಾರೆ?

ಕೆಟ್ಟ ಆಹಾರ ಸಾಮಾನ್ಯವಾಗಿ ತಡಮಾಡುವುದಿಲ್ಲ. ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷವಾದರೆ ಕೆಲವೇ ಗಂಟೆಗಳಲ್ಲಿ ವಾಂತಿ ಹಿಡಿಯುತ್ತದೆ, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ವಾಂತಿ-ಭೇದಿ ತರುವ ನೊರೊವೈರಸ್ 12ರಿಂದ 48 ಗಂಟೆ ತೆಗೆದುಕೊಂಡು, ಒಂದೆರಡು ದಿನ ಕಾಡಿ ಹೋಗುತ್ತದೆ. ಕೊರೊನಾ ಹಾಗಲ್ಲ. ಸೋಂಕು ತಗುಲಿ ಲಕ್ಷಣ ಕಾಣಲು 2ರಿಂದ 14 ದಿನ ಬೇಕು. ಅಂದರೆ ನಿನ್ನೆಯ ಊಟವನ್ನು ದೂರುವ ಬದಲು, ಕಳೆದ ವಾರ ಕೆಮ್ಮುವವರ ಪಕ್ಕ ಕೂತಿದ್ದಿರಾ ಎಂದು ನೆನಪಿಸಿಕೊಳ್ಳಿ.

ಶ್ವಾಸಕೋಶದ ಕಾಯಿಲೆಗೆ ಕರುಳಿನಲ್ಲೇನು ಕೆಲಸ? ಈ ವೈರಸ್ ಜೀವಕೋಶದೊಳಗೆ ನುಗ್ಗಲು ಹಿಡಿದುಕೊಳ್ಳುವ ಎಸಿಇ2 ಎಂಬ ಪ್ರೋಟೀನ್ ಸಣ್ಣ ಕರುಳಿನ ಒಳಪದರದಲ್ಲೂ ಧಾರಾಳವಾಗಿದೆ. ಕೆಲವರಲ್ಲಿ ಕೆಮ್ಮು, ಗಂಟಲುನೋವಿಗಿಂತ ಮೊದಲೇ ಭೇದಿ ಬರುವುದೂ ಉಂಟು. ಜ್ವರ, ಮೈಕೈ ನೋವು, ವಿಪರೀತ ಸುಸ್ತು ಜೊತೆಗಿದ್ದರೆ ಪರೀಕ್ಷೆ ಮಾಡಿಸಿಬಿಡಿ. ಮನೆಯ ಆಂಟಿಜೆನ್ ಕಿಟ್ ನೆಗೆಟಿವ್ ತೋರಿಸಿದರೆ 48 ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ.

ಮೂರನೆಯ ಆರೋಪಿಯೊಬ್ಬನಿದ್ದಾನೆ, ಅವನನ್ನು ಯಾರೂ ಅನುಮಾನಿಸುವುದಿಲ್ಲ: ಜೇಬಿನಲ್ಲಿರುವ ಮಾತ್ರೆ. ನೆಗಡಿಗೆಂದು ತಾವೇ ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ನುಂಗಿ, ಮರುದಿನ ಹೊಟ್ಟೆ ಕೆಟ್ಟಿತೆಂದು ಗಾಬರಿಯಾಗಿ ಬರುತ್ತಾರೆ. ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ಮೇಜಿನ ಮೇಲಿಟ್ಟಾಗಲೇ ನನಗೆ ಉತ್ತರದ ಸುಳಿವು ಸಿಗುತ್ತದೆ. ವೈರಸ್‌ಗೆ ಆ್ಯಂಟಿಬಯೋಟಿಕ್ ನಾಟುವುದೂ ಇಲ್ಲ.

ರಕ್ತ ಬಿದ್ದರೆ ಮಾತ್ರ ಲೆಕ್ಕ ಬೇರೆ. ಕೊರೊನಾ ಭೇದಿಯಲ್ಲಿ ಅದು ಅಪರೂಪ. ಶಿಗೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಆಗ ಭೇದಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆ ನೀವಾಗಿಯೇ ನುಂಗಬೇಡಿ, ಅದೇ ದಿನ ವೈದ್ಯರನ್ನು ಕಾಣಿ.

ಕಾರಣ ಯಾವುದಾದರೂ ಮೊದಲ ಮದ್ದು ಓಆರ್‌ಎಸ್. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ. ಲೋಟಕ್ಕೆ ಚೂರು ಚೂರು ಉದುರಿಸಿದರೆ ಲವಣದ ಪ್ರಮಾಣ ತಪ್ಪುತ್ತದೆ. ಆರೇಳು ಗಂಟೆ ಮೂತ್ರವೇ ಆಗದಿದ್ದರೆ, ಎದ್ದರೆ ತಲೆ ಸುತ್ತಿದರೆ, ಮಗು ಮಂಕಾಗಿದ್ದರೆ, ಉಸಿರು ಕಟ್ಟಿದಂತಾದರೆ ಆಸ್ಪತ್ರೆಗೆ ಹೊರಡಿ. ಯಾವ ರೋಗಾಣು ಎಂದು ಗೊತ್ತಾಗುವ ತನಕ ಮನೆಯವರೆಲ್ಲ ಸೋಪಿನಲ್ಲೇ ಕೈ ತೊಳೆಯಲಿ. ಸ್ಯಾನಿಟೈಸರ್ ಕೊರೊನಾಕ್ಕೆ ಸಾಕು, ನೊರೊವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.